ಭಾರಜಲದ ಮೈತ್ರಿ: ಟ್ರಾಂಬೆಯಿಂದ ಕೈಗಾವರೆಗೆ

ಕೊಲಂಬೊ ಯೋಜನೆಯಡಿ ಕೆನಡಾ 1956ರಲ್ಲಿ ಭಾರತಕ್ಕೆ ನೀಡಲೊಪ್ಪಿದ 40 ಮೆಗಾವಾಟ್ ಉಷ್ಣ ಸಾಮರ್ಥ್ಯದ ಸಂಶೋಧನಾ ರಿಯಾಕ್ಟರು, ಅಮೆರಿಕ ಪೂರೈಸಿದ ಭಾರಜಲವನ್ನು, ಎಂದರೆ ಡ್ಯುಟೀರಿಯಂ ಎಂಬ ಭಾರವಾದ ಹೈಡ್ರೋಜನ್ನಿನಿಂದಾಗಿ ನ್ಯೂಟ್ರಾನುಗಳ ವೇಗವನ್ನು ತಗ್ಗಿಸಬಲ್ಲ ನೀರನ್ನು ಬಳಸಿ, 1960ರಲ್ಲಿ ಟ್ರಾಂಬೆಯಲ್ಲಿ ಕಾರ್ಯಾರಂಭ ಮಾಡಿತು. ಶಾಂತಿಯುತ ಬಳಕೆಯ ಭರವಸೆಯನ್ನಷ್ಟೇ ಪಡೆದು ಅಂತರರಾಷ್ಟ್ರೀಯ ತಪಾಸಣೆಗೆ ಏರ್ಪಾಡು ಮಾಡದಿದ್ದುದು ಆ ಒಪ್ಪಂದದ ಗಂಭೀರ ಲೋಪವೇ ಸರಿ. ಅಲ್ಲಿ ಹುಟ್ಟಿದ ಪ್ಲುಟೋನಿಯಂ 1974ರ ಪೋಖ್ರಾನ್ ಸ್ಫೋಟಕ್ಕೆ ಬಳಕೆಯಾದಾಗ ಕೆನಡಾ ಸಹಕಾರವನ್ನು ಕಡಿದುಕೊಂಡಿತು. ರಾಜಸ್ಥಾನದ ರಾವತ್‌ಭಾಟಾದಲ್ಲಿ ಕೆನಡಾದ ನೆರವಿನಿಂದ ಕಟ್ಟುತ್ತಿದ್ದ ಭಾರಜಲ ಅಣುವಿದ್ಯುತ್ ಸ್ಥಾವರದ, ಅರ್ಧಕ್ಕೆ ನಿಂತ ಎರಡನೆಯ ಘಟಕವನ್ನು ಭಾರತೀಯ ಎಂಜಿನಿಯರುಗಳೇ ಪೂರ್ಣಗೊಳಿಸಿ, ನೈಸರ್ಗಿಕ ಯುರೇನಿಯಮ್ಮನ್ನು ಸಮೃದ್ಧಗೊಳಿಸದೆಯೇ ಇಂಧನವಾಗಿಸುವ ಆ ವಿನ್ಯಾಸವನ್ನು ಬೆಳೆಸಿದ ಛಲ ನಿಜಕ್ಕೂ ಅಸಾಧಾರಣವಾದುದು. ಉತ್ತರ ಕನ್ನಡದ ಕೈಗಾದಲ್ಲಿ 2000ದಿಂದ ಒಂದೊಂದಾಗಿ ಚಾಲನೆಗೊಂಡ 220 ಮೆಗಾವಾಟಿನ ನಾಲ್ಕು ಘಟಕಗಳೂ ಅದೇ ವಂಶಕ್ಕೆ ಸೇರಿವೆ. ನಾಗರಿಕ ಅಣುಸಹಕಾರದ ಹೊಸ ಒಪ್ಪಂದಕ್ಕೆ ಉಭಯ ದೇಶಗಳು 2010ರಲ್ಲಿ ಸಹಿ ಹಾಕಿದವು.