ವಾರಸುದಾರರು ಯಾರು? ಕಿತ್ತೂರಿನ ದತ್ತಕ, ಸವದತ್ತಿಯ ಮುತ್ತು ಮತ್ತು ಧರ್ಮಸಭೆಯ ದಾಖಲೆಪುಸ್ತಕ

ಧರ್ಮ, ಲಿಂಗತ್ವ, ಜನಾಂಗೀಯತೆ, ಜಾಗತೀಕರಣ: ಸಾಂಸ್ಕೃತಿಕ ಮಾನವಶಾಸ್ತ್ರದ ಈ ಪರಿಕಲ್ಪನೆಗಳನ್ನು ನಮ್ಮ ಸೆಮಿನರಿಗಳಲ್ಲಿ ಬೇರೆಬೇರೆ ಅಧ್ಯಾಯಗಳಾಗಿ ಬೋಧಿಸುವುದು ರೂಢಿ. ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಚರಿತ್ರೆಯಲ್ಲಿ ಅವು ಬಿಡಿಬಿಡಿಯಾಗಿ ದೊರೆಯುವುದಿಲ್ಲ. ಅಲ್ಲಿ ಅವೆಲ್ಲವೂ ಬಂಧುತ್ವದ ಒಂದು ಹಳೆಯ ಪ್ರಶ್ನೆಗೆ ಹೆಣೆದುಕೊಂಡಿವೆ: ಮನೆಗೆ ವಾರಸುದಾರರು ಯಾರು? ಅದನ್ನು ನಿರ್ಣಯಿಸುವ ಅಧಿಕಾರ ಯಾರದು?

ಮೊದಲು ಕಿತ್ತೂರನ್ನು ನೋಡೋಣ. ದೇಸಾಯಿ ಶಿವಲಿಂಗರುದ್ರಸರ್ಜರು 1824ರ ಸೆಪ್ಟೆಂಬರಿನಲ್ಲಿ ಸಂತಾನವಿಲ್ಲದೆ ತೀರಿಕೊಂಡರು. ಅವರ ಮಲತಾಯಿ ರಾಣಿ ಚೆನ್ನಮ್ಮ ದತ್ತುಪುತ್ರ ಶಿವಲಿಂಗಪ್ಪನ ಹಕ್ಕನ್ನು ಎತ್ತಿಹಿಡಿದರು. ಧಾರವಾಡದ ಕಲೆಕ್ಟರ್ ಥ್ಯಾಕರೆ ಆ ದತ್ತಕವನ್ನು ಮಾನ್ಯಮಾಡಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಹತನಾದ. ಡಿಸೆಂಬರಿನಲ್ಲಿ ಕೋಟೆ ಕಂಪನಿಯ ವಶವಾಯಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ನಿಧನರಾದರು. ಅದೇ ಬಾಲಕನನ್ನು ಗದ್ದುಗೆಗೆ ತರಲೆಂದು ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಇಂದು ಈ ಘಟನೆಗಳು ನಾಡಿನ ಅಸ್ಮಿತೆಯ ಕಥನವಾಗಿವೆ. ಆದರೆ ಮೂಲದಲ್ಲಿ ವಿವಾದವಿದ್ದದ್ದು ಪುತ್ರತ್ವದ ಬಗ್ಗೆ. ಮನೆತನದ ದೃಷ್ಟಿಯಲ್ಲಿ ದತ್ತಕದ ವಿಧಿಯೇ ಮಗನನ್ನು ಮಗನನ್ನಾಗಿಸುತ್ತಿತ್ತು. ಕಂಪನಿಯ ದೃಷ್ಟಿಯಲ್ಲಿ ತನ್ನ ಒಪ್ಪಿಗೆಯಿಲ್ಲದೆ ಅವನು ಮಗನೇ ಅಲ್ಲ.

ಅರಮನೆಯಲ್ಲಿ ದತ್ತಕದಿಂದ ಬಗೆಹರಿಸಿಕೊಳ್ಳುತ್ತಿದ್ದ ಈ ಪ್ರಶ್ನೆಯನ್ನು ಅದೇ ಸೀಮೆಯ ಅನೇಕ ಬಡ ದಲಿತ ಕುಟುಂಬಗಳು ಬೇರೊಂದು ಬಗೆಯಲ್ಲಿ ಎದುರಿಸಿದವು. ಗಂಡು ಸಂತತಿ ಇಲ್ಲದ ಮನೆಯವರು ಮಗಳನ್ನು ಸವದತ್ತಿಯ ಎಲ್ಲಮ್ಮನಿಗೆ ಅರ್ಪಿಸಿ ‘ಮುತ್ತು ಕಟ್ಟಿಸುವ’ ಪದ್ಧತಿಯಿತ್ತು. ಹರಕೆ, ಕಾಯಿಲೆ, ಕೂದಲು ಜಡೆಗಟ್ಟುವುದು ಮುಂತಾದವೂ ಅರ್ಪಣೆಗೆ ಕಾರಣಗಳಾಗುತ್ತಿದ್ದವು. ಮುತ್ತು ಕಟ್ಟಿಸಿಕೊಂಡ ಮಗಳು ಗಂಡನ ಮನೆಗೆ ಹೋಗುವುದಿಲ್ಲ. ತವರಿನಲ್ಲಿಯೇ ಉಳಿದು ಮಗನಂತೆ ಮನೆಯನ್ನು ನಡೆಸುತ್ತಾಳೆ, ಆಸ್ತಿಯಲ್ಲಿ ಪಾಲು ಪಡೆಯುತ್ತಾಳೆ. ಅವಳ ಮಕ್ಕಳು ತವರಿನ ವಂಶದವರಾಗುತ್ತಾರೆ. ಲಿಂಗತ್ವವೆಂಬುದು ಹುಟ್ಟಿನೊಡನೆ ಮುಗಿದುಹೋಗುವ ಸಂಗತಿಯಲ್ಲ, ಸಮಾಜವು ವಿಧಿಯ ಮೂಲಕ ಕಟ್ಟುವ ಸ್ಥಾನ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ವಿರಳ.

ಆದರೆ ಆ ಸ್ಥಾನಕ್ಕೆ ತೆರಬೇಕಾದ ಬೆಲೆಯನ್ನು ಮರೆಯುವಂತಿಲ್ಲ. ಅರ್ಪಣೆಯ ನಿರ್ಣಯ ಬಾಲಕಿಯದಾಗಿರಲಿಲ್ಲ. ಅವಳನ್ನು ಇಟ್ಟುಕೊಂಡವನು ಸಾಮಾನ್ಯವಾಗಿ ಮೇಲಿನ ಜಾತಿಯವನು. ಅವನ ಆಸ್ತಿಯ ಮೇಲಾಗಲಿ ಹೆಸರಿನ ಮೇಲಾಗಲಿ ಅವಳ ಮಕ್ಕಳಿಗೆ ಹಕ್ಕಿರಲಿಲ್ಲ. ರೇಣುಕೆಯ ಶಿರಚ್ಛೇದದ ಕಥೆಯ ಒಂದು ಪಾಠದಲ್ಲಿ ದೇವಿಯ ದೇಹಕ್ಕೆ ಮಾತಂಗಿಯ ಶಿರಸ್ಸು ಸೇರುತ್ತದೆ. ಪುರಾಣದಲ್ಲಿ ಹೀಗೆ ಬೆಸೆದುಕೊಂಡ ಜಾತಿಗಳು ಊರಿನಲ್ಲಿ ಬೇರೆಬೇರೆ ಕೇರಿಗಳಲ್ಲಿಯೇ ಉಳಿದವು. ಮುಂದೆ ಮುಂಬೈ, ಪುಣೆಗಳ ಮಾರುಕಟ್ಟೆ ಈ ಹೆಣ್ಣುಮಕ್ಕಳಲ್ಲಿ ಅನೇಕರನ್ನು ವೇಶ್ಯಾಗೃಹಗಳಿಗೆ ಸೆಳೆಯಿತು. ಹಳ್ಳಿಯ ಹರಕೆ ಹೀಗೆ ಮಹಾನಗರದ ವ್ಯಾಪಾರದ ಜಾಲಕ್ಕೆ ಸೇರಿತು.

ಪ್ರಭುತ್ವವು ಇದನ್ನು ಕಾನೂನಿನಿಂದ ಎದುರಿಸಿತು. ಮುಂಬೈ ಪ್ರಾಂತದಲ್ಲಿ 1934ರಲ್ಲಿ ದೇವದಾಸಿ ಸಂರಕ್ಷಣಾ ಕಾಯಿದೆ ಬಂತು. ಸವದತ್ತಿ ಬ್ರಿಟಿಷರ ಬೆಳಗಾವಿ ಜಿಲ್ಲೆಗೆ ಸೇರಿತ್ತು. ನೆರೆಯ ರಾಮದುರ್ಗವಾದರೋ 1948ರವರೆಗೆ ಪ್ರತ್ಯೇಕ ಸಂಸ್ಥಾನ. ಭಕ್ತರಿಗೆ ಇಲ್ಲದ ಗಡಿ ಕಾನೂನಿಗೆ ಇತ್ತು. ಕರ್ನಾಟಕದ 1982ರ ಕಾಯಿದೆಯು ಹೆಣ್ಣಿನ ಸಮ್ಮತಿ ಇದ್ದರೂ ಅರ್ಪಣೆಯನ್ನು ಅಪರಾಧವೆಂದು ಸಾರಿತು. ಅರ್ಪಿತಳಾದವಳು ಮುಂದೆ ವಿವಾಹವಾದರೆ ಅದು ಸಿಂಧುವೆಂದೂ ಆ ವಿವಾಹದ ಮಕ್ಕಳು ಸಕ್ರಮರೆಂದೂ ಹೇಳಿತು. ವಿವಾಹವೇ ಆಗದವಳ ಮಕ್ಕಳು ಮಾತ್ರ ಶಾಲೆಯ ಅರ್ಜಿಯಲ್ಲಿನ ‘ತಂದೆಯ ಹೆಸರು’ ಎಂಬ ಅಂಕಣದ ಮುಂದೆ ತಲೆತಗ್ಗಿಸಬೇಕಾಯಿತು.

ಮಾನವಶಾಸ್ತ್ರಜ್ಞೆ ಲುಸಿಂಡಾ ರಾಂಬರ್ಗ್ 2014ರಲ್ಲಿ ಪ್ರಕಟಿಸಿದ ಅಧ್ಯಯನವು, ಜೋಗತಿಯರು ದೇವಿಯೊಡನೆ ಹೊಂದಿರುವ ಸಂಬಂಧವನ್ನು ವಿವಾಹವೆಂದೂ ಬಂಧುತ್ವವೆಂದೂ ಗಂಭೀರವಾಗಿ ಪರಿಗಣಿಸಬೇಕೆಂದು ವಾದಿಸುತ್ತದೆ. ಆ ಹೆಣ್ಣುಮಕ್ಕಳ ಭಕ್ತಿಯನ್ನು ಬರಿಯ ಮೂಢನಂಬಿಕೆಯೆಂದು ತಳ್ಳಿಹಾಕುವವರಿಗೆ ಇದು ತಕ್ಕ ಎಚ್ಚರಿಕೆ. ಆದರೂ ಒಂದು ಸಂಬಂಧ ಅರ್ಥಪೂರ್ಣವಾದುದು ಎಂದ ಮಾತ್ರಕ್ಕೆ ನ್ಯಾಯವಾದುದೂ ಆಗಬೇಕೆಂದಿಲ್ಲ. ಮಾಜಿ ದೇವದಾಸಿಯರು 1997ರಲ್ಲಿ ಘಟಪ್ರಭಾದಲ್ಲಿ ಕಟ್ಟಿಕೊಂಡ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಈ ಅನ್ಯಾಯವನ್ನು ಒಳಗಿನಿಂದಲೇ ಪ್ರಶ್ನಿಸಿದೆ.

ದೈವಶಾಸ್ತ್ರಕ್ಕೆ ಇಲ್ಲಿ ಹೇಳುವುದೇನಿದೆ? ಸಂಖ್ಯಾಕಾಂಡದ 27ನೆಯ ಅಧ್ಯಾಯದಲ್ಲಿ ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು, ಗಂಡುಮಕ್ಕಳಿಲ್ಲದ ತಂದೆಯ ಪಾಲನ್ನು ಕೇಳುತ್ತಾರೆ. ಅವರ ಮಾತು ಸರಿಯೆಂದು ದೇವರೇ ತೀರ್ಪು ಕೊಡುತ್ತಾರೆ. ಅವರು ಮಗಳಂದಿರಾಗಿಯೇ ವಾರಸುದಾರರು. ಅದಕ್ಕಾಗಿ ಯಾರಿಗೂ ಅರ್ಪಿತರಾಗಬೇಕಿಲ್ಲ. ಕುಲದ ಹಿರಿಯರು 36ನೆಯ ಅಧ್ಯಾಯದಲ್ಲಿ ಆ ಹಕ್ಕಿಗೆ ವಿವಾಹದ ಕಟ್ಟು ಹಾಕಿಸಿದ್ದನ್ನೂ ಬೈಬಲ್ ಮುಚ್ಚಿಡುವುದಿಲ್ಲ. ಸಂತ ಪೌಲರು ರೋಮನರಿಗೂ ಗಲಾತ್ಯರಿಗೂ ಬರೆದ ಪತ್ರಗಳಲ್ಲಿ ನಮ್ಮ ಬಿಡುಗಡೆಯನ್ನು ದತ್ತುಸ್ವೀಕಾರವೆಂದೇ ಕರೆಯುತ್ತಾರೆ. ಗಲಾತ್ಯರ ಪತ್ರದಲ್ಲಿ ಈ ಮಾತಿಗೆ ಮೊದಲೇ, ಕ್ರಿಸ್ತರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ಹೇಳಿರುತ್ತಾರೆ. ದತ್ತಕಕ್ಕಾಗಿ ರಕ್ತ ಹರಿದ ಕಿತ್ತೂರು ಸೀಮೆಯ ಓದುಗರಿಗೆ ಈ ಪದದ ತೂಕವನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಮಾತು ನಮ್ಮ ಕಚೇರಿಯ ಮೇಜಿನ ಮೇಲೆಯೇ ಪರೀಕ್ಷೆಗೊಳಗಾಗುತ್ತದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 877ನೆಯ ನಿಯಮದಂತೆ, ಅವಿವಾಹಿತ ತಾಯಿ ಕೇಳಿಕೊಂಡರೆ ಆಕೆಯ ಹೆಸರನ್ನು ಜ್ಞಾನಸ್ನಾನದ ದಾಖಲೆಯಲ್ಲಿ ಬರೆಯಲೇಬೇಕು. ತಂದೆ ಯಾರೆಂದು ರುಜುವಾತಾಗದಿದ್ದರೆ ಅವನ ಹೆಸರಿನ ಉಲ್ಲೇಖವೇ ಬೇಕಿಲ್ಲ. ನಿಯಮದಲ್ಲಿ ಇಷ್ಟು ಔದಾರ್ಯವಿದೆ. ಮುತ್ತು ಕಟ್ಟಿಸಿಕೊಂಡಿದ್ದ ತಾಯಿಯೊಬ್ಬಳು ಮಗುವನ್ನೆತ್ತಿಕೊಂಡು ಬಂದಾಗ, ಗುರುಗಳಾದ ನಾವು ಮೊದಲು ಕೇಳುವ ಪ್ರಶ್ನೆ ಯಾವುದು? ತಂದೆ ಯಾರೆಂದೇ ಆದರೆ, ನಾವು ಇನ್ನೂ ಥ್ಯಾಕರೆಯ ಸ್ಥಾನದಲ್ಲಿಯೇ ಕುಳಿತಿದ್ದೇವೆ. ಮಗುವಿನ ಹೆಸರನ್ನು ಮೊದಲು ಕೇಳೋಣ. ಅನಂತರ ತಾಯಿಯ ಹೆಸರನ್ನು ಗೌರವದಿಂದ ಬರೆದುಕೊಳ್ಳೋಣ.