‘ರೆಫರ್ ಮಾಡಿದರು’ ಎಂದರೆ ‘ಕೈಬಿಟ್ಟರು’ ಎಂದರ್ಥವೇ?

“ತಾಲ್ಲೂಕು ಆಸ್ಪತ್ರೆಗೆ ಹೋಗಿ ಟೈಮ್ ಹಾಳು ಮಾಡಿಕೊಳ್ಳಬೇಡಿ. ಹೇಗೂ ದಾವಣಗೆರೆಗೆ ಕಳಿಸುತ್ತಾರೆ, ನೇರವಾಗಿ ಅಲ್ಲಿಗೇ ಹೋಗಿ.” ಹರಿಹರದ ಸುತ್ತಮುತ್ತ ಯಾರಿಗಾದರೂ ಹುಷಾರು ತಪ್ಪಿದರೆ ಇಂಥ ಸಲಹೆ ತಕ್ಷಣ ಬರುತ್ತದೆ. ಎರಡೂ ಊರಿನ ನಡುವೆ ಹದಿನೈದು ಕಿಲೋಮೀಟರಿನ ಆಸುಪಾಸು ಅಂತರ ಇರುವುದರಿಂದ ಮಾತು ಸರಿ ಎಂದೇ ಅನಿಸುತ್ತದೆ. ಆದರೆ ಕೆಲವು ತುರ್ತು ಸಂದರ್ಭಗಳಲ್ಲಿ ಈ ಸಲಹೆ ಜೀವಕ್ಕೇ ಮುಳುವಾಗಬಹುದು.

ಯಾರು ಏನು ನೋಡುತ್ತಾರೆ?

ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರ, ನಗರದ ‘ನಮ್ಮ ಕ್ಲಿನಿಕ್’ ಮೊದಲ ಮೆಟ್ಟಿಲು. ಜ್ವರ, ಬಿಪಿ, ಶುಗರ್, ಗರ್ಭಿಣಿಯರ ತಪಾಸಣೆ ಇಲ್ಲೇ ಆಗಬೇಕಾದವು. ಮುಂದಿನದು ಹರಿಹರದ ತಾಲ್ಲೂಕು ಆಸ್ಪತ್ರೆ. ಅದರ ಮೇಲೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಅಂದರೆ ಜನ ಕರೆಯುವ ಸಿ.ಜಿ. ಆಸ್ಪತ್ರೆ. 1965ರಲ್ಲಿ ಶುರುವಾದ ಜೆಜೆಎಂ ವೈದ್ಯಕೀಯ ಕಾಲೇಜು, ಬಾಪೂಜಿ ಆಸ್ಪತ್ರೆಯಂಥ ಖಾಸಗಿ ಸಂಸ್ಥೆಗಳೂ ಅದೇ ನಗರದಲ್ಲಿವೆ. ನೆಗಡಿ ಆದವರೂ ಸಿ.ಜಿ. ಆಸ್ಪತ್ರೆಯ ಸಾಲಿನಲ್ಲೇ ನಿಂತರೆ, ಅಲ್ಲಿ ಮಾತ್ರ ಚಿಕಿತ್ಸೆ ಸಿಗುವ ರೋಗಿ ಅದೇ ಸಾಲಿನ ಹಿಂದೆ ಕಾಯಬೇಕಾಗುತ್ತದೆ.

ಹಾವು ಕಚ್ಚಿದರೆ ನೇರ ದಾವಣಗೆರೆಗೇ ಹೋಗಬೇಕೇ?

ಬೇಡ. ವಿಷನಿರೋಧಕ ಚುಚ್ಚುಮದ್ದು ಸಿಗುವ ಅತಿ ಹತ್ತಿರದ ಆಸ್ಪತ್ರೆಗೆ ಹೋಗಿ. ಗದ್ದೆ ಕೆಲಸದ ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರಬೇಕಾದ ವಿಷಯ ಇದು. ವೈದ್ಯರು ಸ್ವಲ್ಪ ರಕ್ತ ತೆಗೆದು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ವಿಷ ರಕ್ತಕ್ಕೆ ಸೇರಿದೆ ಎಂದರ್ಥ. ಇದಕ್ಕೆ ದೊಡ್ಡ ಲ್ಯಾಬ್ ಬೇಕಿಲ್ಲ. ರೆಪ್ಪೆ ಜೋತುಬೀಳುವುದು, ನುಂಗಲು ಕಷ್ಟವಾಗುವುದು ನರಕ್ಕೆ ವಿಷ ಏರಿದ ಲಕ್ಷಣ. ವಿಷ ಏರಿದ ಲಕ್ಷಣ ಕಂಡರೆ ಮೊದಲ ಡೋಸ್ ಅಲ್ಲೇ ಕೊಟ್ಟು, ಉಸಿರಾಟಕ್ಕೆ ತೊಂದರೆಯೋ ಕಿಡ್ನಿಗೆ ಪೆಟ್ಟೋ ಆಗುವ ಸೂಚನೆ ಇದ್ದರೆ ಮುಂದಕ್ಕೆ ಕಳಿಸುತ್ತಾರೆ. ಹೀಗೆ ಕಳಿಸುವುದೇ ಸರಿಯಾದ ರೆಫರಲ್.

ರಕ್ತಕ್ಕೆ ವಿಷ ಏರಿದ್ದರೆ ಸಾಮಾನ್ಯವಾಗಿ 6 ಗಂಟೆ ಬಿಟ್ಟು ಅದೇ ಪರೀಕ್ಷೆ ಮತ್ತೆ ಮಾಡಿ, ಇನ್ನೊಂದು ಡೋಸ್ ಬೇಕೋ ಬೇಡವೋ ತೀರ್ಮಾನಿಸುತ್ತಾರೆ. ಮೊದಲ ಡೋಸ್ ಎಷ್ಟು ಗಂಟೆಗೆ, ಎಷ್ಟು ವಯಲ್ ಕೊಟ್ಟರು ಎಂಬುದು ಚೀಟಿಯಲ್ಲಿ ಇಲ್ಲದಿದ್ದರೆ ದಾವಣಗೆರೆಯ ವೈದ್ಯರು ಊಹೆಯ ಮೇಲೆ ಹೋಗಬೇಕಾಗುತ್ತದೆ. ನಮ್ಮಲ್ಲಿ ಎಷ್ಟೋ ಜನ ಆ ಚೀಟಿಯನ್ನು ಆಂಬುಲೆನ್ಸ್‌ನಲ್ಲೇ ಬಿಟ್ಟು ಇಳಿಯುತ್ತಾರೆ! ಕೈಗೆ ಸಿಕ್ಕ ಕೂಡಲೇ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ.

ಹೆರಿಗೆಗೆ ತವರಿಗೆ ಹೋಗುವವರಿಗೂ ಇದೇ ಮಾತು. ಏಳೆಂಟು ತಿಂಗಳು ದಾವಣಗೆರೆಯಲ್ಲಿ ತೋರಿಸಿಕೊಂಡ ಗರ್ಭಿಣಿ ಹರಿಹರದ ತವರಿಗೆ ಬಂದಾಗ, ಅವಳನ್ನು ಅಲ್ಲಿನ ವೈದ್ಯರಿಗೆ ಪರಿಚಯಿಸುವುದು ತಾಯಿ ಕಾರ್ಡ್. ಬಿಪಿ ಯಾವ ತಿಂಗಳಿಂದ ಏರಿತು, ಹಿಮೋಗ್ಲೋಬಿನ್ ಎಷ್ಟಿತ್ತು, ರಕ್ತದ ಗುಂಪು ಯಾವುದು ಎಲ್ಲವೂ ಅದರಲ್ಲಿರುತ್ತದೆ. ಸೀರೆ ಬಟ್ಟೆಗಿಂತ ಮೊದಲು ಬ್ಯಾಗಿಗೆ ಅದನ್ನು ಹಾಕಿ.

ಖಾಸಗಿ ಕ್ಲಿನಿಕ್‌ಗೆ ಹೋದರೆ ಸರ್ಕಾರಿ ಔಷಧಿ ಸಿಗುವುದಿಲ್ಲವೇ?

ಕ್ಷಯರೋಗದ ವಿಷಯದಲ್ಲಿ ಇದು ಪೂರ್ತಿ ತಪ್ಪು. 2012ರಿಂದ ಖಾಸಗಿ ವೈದ್ಯರೂ ಟಿಬಿ ರೋಗಿಯ ಮಾಹಿತಿಯನ್ನು ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ‘ನಿಕ್ಷಯ್’ ಪೋರ್ಟಲ್‌ನಲ್ಲಿ ನೋಂದಾಯಿಸಿದ ಮೇಲೆ ರೋಗಿಗೆ ಒಂದು ಐಡಿ ಸಿಗುತ್ತದೆ. ತೋರಿಸಿದ್ದು ಖಾಸಗಿ ವೈದ್ಯರಿಗಾದರೂ ಉಚಿತ ಮಾತ್ರೆ ಪಡೆಯಬಹುದು. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ಇದ್ದ ಸಹಾಯಧನ 2024ರ ನವೆಂಬರ್‌ನಿಂದ 1000 ರೂಪಾಯಿ ಆಗಿದೆ. ಕೆಲಸಕ್ಕೆಂದು ಊರು ಬದಲಿಸಿದರೂ ಅದೇ ಐಡಿ ಮೇಲೆ ಚಿಕಿತ್ಸೆ ಮುಂದುವರಿಯುತ್ತದೆ. ಊರು ಬಿಡುವ ಮುನ್ನ ಆರೋಗ್ಯ ಕಾರ್ಯಕರ್ತರಿಗೆ ಹೇಳಿ; ಮಾತ್ರೆ ನಡುವೆ ನಿಂತರೆ ಔಷಧಿಗೆ ಬಗ್ಗದ ಟಿಬಿ ಆಗುವ ಅಪಾಯವಿದೆ.

ರೆಫರಲ್ ಚೀಟಿ ಇಲ್ಲದೆ ಆಯುಷ್ಮಾನ್ ಕಾರ್ಡ್ ನಡೆಯುವುದೇ ಇಲ್ಲವೇ?

ಅರ್ಧ ನಿಜ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಮೊದಲೇ ದಿನ ಗೊತ್ತುಮಾಡಿ ಮಾಡುವ ಆಪರೇಷನ್‌ಗೆ ಸರ್ಕಾರಿ ಆಸ್ಪತ್ರೆಗೇ ಮೊದಲು ಹೋಗಬೇಕು. ಅಲ್ಲಿ ಸೌಲಭ್ಯ ಇಲ್ಲದಿದ್ದರೆ ಅವರೇ ನೋಂದಾಯಿತ ಖಾಸಗಿ ಆಸ್ಪತ್ರೆಗೆ ರೆಫರ್ ಮಾಡುತ್ತಾರೆ. ಯೋಜನೆಯ ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ಚೀಟಿ ಬೇಡ, ನೋಂದಾಯಿತ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಕಾರ್ಡ್ ಇರಲಿ ಬಿಡಲಿ, ಅಪಘಾತಕ್ಕೊಳಗಾದವರ ಜೀವ ಉಳಿಸುವ ಚಿಕಿತ್ಸೆ ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ವೈದ್ಯರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ತಾಲ್ಲೂಕು ಆಸ್ಪತ್ರೆಗಳ ಮೇಲಿನ ಸಿಟ್ಟೆಲ್ಲ ಸುಳ್ಳು ಎನ್ನಲಾಗದು. ತಜ್ಞರು ಇಲ್ಲದ ಹೊತ್ತಿನಲ್ಲಿ ಕಾರಣ ಹೇಳದೆ “ದಾವಣಗೆರೆಗೆ ಹೋಗಿ” ಎಂದರೆ ಯಾರಿಗಾದರೂ ಬೇಸರವಾಗುತ್ತದೆ. ಆಗ ಜಗಳಕ್ಕಿಂತ ಮೂರು ಪ್ರಶ್ನೆ ಹೆಚ್ಚು ಉಪಯೋಗಕ್ಕೆ ಬರುತ್ತವೆ: ಯಾಕೆ ಕಳಿಸುತ್ತಿದ್ದೀರಿ, ಇಲ್ಲಿವರೆಗೆ ಏನು ಕೊಟ್ಟಿದ್ದೀರಿ, ಅಲ್ಲಿಗೆ ಫೋನ್ ಮಾಡಿ ತಿಳಿಸಿದ್ದೀರಾ? ಉತ್ತರವನ್ನು ಚೀಟಿಯಲ್ಲೇ ಬರೆಸಿಕೊಳ್ಳಿ. ರೋಗಿಯ ಸ್ಥಿತಿ ಗಂಭೀರವಾಗಿದ್ದರೆ ಆಟೊ ಹಿಡಿಯದೆ 108 ಆಂಬುಲೆನ್ಸ್‌ನಲ್ಲೇ ಹೋಗಿ. ಅದರಲ್ಲಿ ಆಕ್ಸಿಜನ್ ಜೊತೆಗೆ ತರಬೇತಿ ಪಡೆದ ಸಿಬ್ಬಂದಿಯೂ ಇರುತ್ತಾರೆ.