ಕನ್ನಂಬಾಡಿಯ ಅಡಿಪಾಯ



ನಿಮ್ಮಲ್ಲಿ ಅನೇಕರು ಶಾಲೆಯ ಪ್ರವಾಸದಲ್ಲಿ ಕೃಷ್ಣರಾಜಸಾಗರವನ್ನು ನೋಡಿರುತ್ತೀರಿ. ಬೃಂದಾವನದ ಕಾರಂಜಿಗಳು ನಿಮ್ಮ ನೆನಪಿನಲ್ಲಿರಬಹುದು. ಆದರೆ ಆ ಕಟ್ಟೆಯ ಬುಡದಲ್ಲಿ, ಯಾರ ಕಣ್ಣಿಗೂ ಬೀಳದ ಒಂದು ಇತಿಹಾಸವಿದೆ. ದೊರೆತ ಅನುಮತಿಗೂ ಕಟ್ಟಿದ ಅಡಿಪಾಯಕ್ಕೂ ಇದ್ದ ವ್ಯತ್ಯಾಸದ ಇತಿಹಾಸ ಅದು.

ಮೊದಲು ಹಿನ್ನೆಲೆಯನ್ನು ತಿಳಿಯೋಣ. 1892ರಲ್ಲಿ ಮೈಸೂರು ಸಂಸ್ಥಾನಕ್ಕೂ ಮದರಾಸು ಪ್ರಾಂತ್ಯಕ್ಕೂ ಒಂದು ಒಪ್ಪಂದವಾಯಿತು. ಅದರಂತೆ ಮೈಸೂರು ಕಾವೇರಿಗೆ ಹೊಸ ಜಲಾಶಯ ಕಟ್ಟಬೇಕಾದರೆ ಮದರಾಸಿನ ಒಪ್ಪಿಗೆ ಅಗತ್ಯವಾಗಿತ್ತು. ತಂಜಾವೂರಿನ ಗದ್ದೆಗಳು ಶತಮಾನಗಳಿಂದ ಕಾವೇರಿಯನ್ನೇ ನಂಬಿದ್ದವು. ಇತ್ತ ಮೈಸೂರಿನ ಜನ 1876-78ರ ಭೀಕರ ಕ್ಷಾಮವನ್ನು ಮರೆತಿರಲಿಲ್ಲ. ಕೋಲಾರದ ಚಿನ್ನದ ಗಣಿಗಳಿಗೆ 1902ರಿಂದ ವಿದ್ಯುತ್ ಒದಗಿಸುತ್ತಿದ್ದ ಶಿವನಸಮುದ್ರ ಕೇಂದ್ರಕ್ಕೂ ವರ್ಷವಿಡೀ ನೀರು ಬೇಕಾಗಿತ್ತು. ಎರಡೂ ಕಡೆಯವರ ಅಗತ್ಯ ನಿಜವಾದದ್ದೇ ಆಗಿತ್ತೆಂಬುದನ್ನು ನೀವು ಗಮನಿಸಬೇಕು.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದ ಎಂ. ವಿಶ್ವೇಶ್ವರಯ್ಯನವರು ಕನ್ನಂಬಾಡಿಯ ಬಳಿ ದೊಡ್ಡ ಕಟ್ಟೆಯೊಂದನ್ನು ಯೋಜಿಸಿದರು. ಜಲಾಶಯದ ಸಾಮರ್ಥ್ಯ 41.5 ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಮದರಾಸು ಒಪ್ಪಲಿಲ್ಲ. ಕೊನೆಗೆ ಭಾರತ ಸರ್ಕಾರ ಅನುಮತಿ ನೀಡಿದ್ದು ಕೇವಲ 11 ಟಿ.ಎಂ.ಸಿ. ಸಾಮರ್ಥ್ಯದ ಚಿಕ್ಕ ಜಲಾಶಯಕ್ಕೆ.

1911ರ ನವೆಂಬರಿನಲ್ಲಿ ಕೆಲಸ ಆರಂಭವಾಯಿತು. ಆದರೆ ಅಡಿಪಾಯ ಹಾಕಿದ್ದು ಚಿಕ್ಕ ಕಟ್ಟೆಯ ಅಳತೆಗಲ್ಲ, ಮೂಲ ಯೋಜನೆಯ ದೊಡ್ಡ ಕಟ್ಟೆಯ ಅಳತೆಗೆ!

ಹೀಗೇಕೆ ಎಂದು ನೀವು ಕೇಳಬಹುದು. ನೀರಿನ ಆಳ ಹೆಚ್ಚಿದಂತೆ ಅದರ ಒತ್ತಡವೂ ಹೆಚ್ಚುತ್ತದೆ. ಕಲ್ಲಿನ ಕಟ್ಟೆ ತನ್ನ ಭಾರದಿಂದಲೇ ಆ ಒತ್ತಡವನ್ನು ತಡೆಯಬೇಕು. ಆದ್ದರಿಂದ ಎತ್ತರ ಹೆಚ್ಚಿದಷ್ಟೂ ಬುಡ ಅಗಲವಾಗಬೇಕು. ಗೋಡೆಯನ್ನು ಮುಂದೆ ಎತ್ತರಿಸುವುದು ಸಾಧ್ಯ; ಕಟ್ಟಿಯಾದ ಮೇಲೆ ಬುಡವನ್ನು ಅಗಲಿಸುವುದು ಬಹಳ ಕಷ್ಟ, ವೆಚ್ಚವೂ ಅಪಾರ. ಎಂಜಿನಿಯರನ ದೃಷ್ಟಿಯಲ್ಲಿ ಇದು ಮುಂದಾಲೋಚನೆ. ಮದರಾಸಿನ ದೃಷ್ಟಿಯಲ್ಲಿ ಇದು ಅನುಮತಿಯ ಉಲ್ಲಂಘನೆ.

ವಿವಾದ ಮಧ್ಯಸ್ಥಿಕೆಗೆ ಹೋಯಿತು. ನ್ಯಾಯಮೂರ್ತಿ ಎಚ್. ಡಿ. ಗ್ರಿಫಿನ್ 1914ರಲ್ಲಿ ನೀಡಿದ ತೀರ್ಪು ಮೈಸೂರಿಗೆ ಅನುಕೂಲವಾಗಿತ್ತು. ಮದರಾಸು ಸುಮ್ಮನಾಗಲಿಲ್ಲ; ಲಂಡನ್ನಿನಲ್ಲಿದ್ದ ಭಾರತ ಸಚಿವರವರೆಗೆ ದೂರು ಒಯ್ದಿತು. ದೀರ್ಘ ಮಾತುಕತೆಯ ನಂತರ 1924ರ ಫೆಬ್ರವರಿ 18ರಂದು ಹೊಸ ಒಪ್ಪಂದಕ್ಕೆ ಸಹಿ ಬಿತ್ತು. ಕೃಷ್ಣರಾಜಸಾಗರಕ್ಕೆ 124 ಅಡಿ ನೀರಿನ ಮಟ್ಟ ಒಪ್ಪಿತವಾಯಿತು. ಮದರಾಸಿಗೆ ಮೆಟ್ಟೂರಿನಲ್ಲಿ ಜಲಾಶಯ ಕಟ್ಟುವ ಅವಕಾಶ ದೊರೆಯಿತು. ಅಡಿಪಾಯ ಹಾಕಿ ಹದಿಮೂರನೆಯ ವರ್ಷಕ್ಕೆ ಅದಕ್ಕೆ ತಕ್ಕ ಅನುಮತಿ ಬಂದಂತಾಯಿತು!

ಇದರಿಂದ ಮಂಡ್ಯದ ಬಯಲು ಹಸಿರಾಯಿತು. ಆ ನೀರನ್ನು ಉಂಡವರು ನಾವು. ಆದರೆ ಇತಿಹಾಸದ ವಿದ್ಯಾರ್ಥಿ ಅಲ್ಲಿಗೇ ನಿಲ್ಲಬಾರದು. ಒಪ್ಪಿಗೆಗೆ ಮೊದಲೇ ಅಡಿಪಾಯ ಬಿದ್ದರೆ ‘ಕಟ್ಟಬಹುದೇ?’ ಎಂಬ ಪ್ರಶ್ನೆ ‘ಕಟ್ಟಿದ್ದನ್ನು ಏನು ಮಾಡುವುದು?’ ಎಂದು ಬದಲಾಗುತ್ತದೆ. ಕೆಳಗಿನವರ ಮಾತಿಗೆ ಬೆಲೆ ಕಡಿಮೆಯಾಗುತ್ತದೆ, ನಂಬಿಕೆ ಸವೆಯುತ್ತದೆ. ಕಾವೇರಿ ನ್ಯಾಯಮಂಡಳಿ ರಚನೆಯಾದದ್ದು 1990ರಲ್ಲಿ. ಅದರ ಅಂತಿಮ ತೀರ್ಪು 2007ರಲ್ಲಿ. ಸರ್ವೋಚ್ಚ ನ್ಯಾಯಾಲಯದ ತೀರ್ಪು 2018ರಲ್ಲಿ. ಈ ದೀರ್ಘ ಕಲಹಕ್ಕೆ ಕಾರಣಗಳು ಹಲವು. ಆದರೆ ಆ ಅಪನಂಬಿಕೆಯ ಮೊದಲ ಅಧ್ಯಾಯಗಳಲ್ಲಿ ಈ ಅಡಿಪಾಯವೂ ಒಂದು.

ಮುಂದಿನ ಸಲ ಅಲ್ಲಿಗೆ ಹೋದಾಗ ಕಾರಂಜಿಯ ಜೊತೆಗೆ ಕಟ್ಟೆಯ ಬುಡದ ಕಡೆಗೂ ಒಮ್ಮೆ ನೋಡಿ. ಅದು ದೂರದೃಷ್ಟಿಯೇ, ಮಾತು ಮೀರಿದ್ದೇ? ಮೈಸೂರಿನ ರೈತನಾಗಿ ಒಮ್ಮೆ, ತಂಜಾವೂರಿನ ರೈತನಾಗಿ ಒಮ್ಮೆ ಯೋಚಿಸಿ, ಆಮೇಲೆ ಉತ್ತರ ಬರೆಯಿರಿ.